ಕವಿಯ ಕಂಠ, ಪರರ ತಾಳ

ಕವನಸಂಕಲನವೊಂದರಲ್ಲಿ ನಾಲ್ಕು ಕವನಗಳು ಮೇಲ್ಮಟ್ಟದವಾಗಿದ್ದು ಉಳಿದವು ಸಪ್ಪೆಯಾಗಿದ್ದರೆ ಅದರ ಹೊಣೆ ಯಾರದೆಂದು ನಾವು ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಗುಣಕ್ಕೂ ದೋಷಕ್ಕೂ ಕವಿಯೊಬ್ಬನೇ ಬಾಧ್ಯ. ಅಚ್ಚಿನ ಮನೆಯವನನ್ನಾಗಲಿ ಪ್ರಕಾಶಕನನ್ನಾಗಲಿ ವಿಮರ್ಶಕನು ಕಟಕಟೆಗೆ ಕರೆಯುವುದಿಲ್ಲ. ಆದರೆ ಕವಿತೆಯೂ ಸಂಗೀತವೂ ಒಂದಕ್ಕೊಂದು ಗಂಟುಬಿದ್ದಿರುವ ಕಲೆಗಳಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಅಮೆರಿಕದ ರ‍್ಯಾಪ್ ಅಂಥದೊಂದು ಕಲೆ. 2025ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರ‍್ಯಾಪ್ ಕವಿ ನಾಸ್, ಡಿಜೆ ಪ್ರೀಮಿಯರನೊಡನೆ ಸೇರಿ ‘ಲೈಟ್-ಇಯರ್ಸ್’ ಎಂಬ ಆಲ್ಬಮನ್ನು ಹೊರತಂದಾಗ ಹಳೆಯ ಜಗಳವೊಂದು ಮತ್ತೆ ತಲೆಯೆತ್ತಿತು: ನಾಸನ ಆಲ್ಬಂಗಳು ಒಮ್ಮೆ ಶಿಖರಕ್ಕೇರಿ ಮತ್ತೊಮ್ಮೆ ಕಣಿವೆಗೆ ಇಳಿಯುತ್ತವಲ್ಲ, ಆ ಏರುಪೇರು ಕವಿಯದೋ, ಆತನ ಬೆನ್ನ ಹಿಂದೆ ನಿಂತ ಸಂಗೀತಗಾರರದೋ? ಹೊಸ ಆಲ್ಬಮಿನ ಗುಣಾವಗುಣಗಳ ನಿರ್ಣಯ ಇಲ್ಲಿ ನನ್ನ ಉದ್ದೇಶವಲ್ಲ. ಆ ಜಗಳದ ಕೇಂದ್ರದಲ್ಲಿರುವ ಇನ್ನೊಂದು ಕೃತಿಯನ್ನು, 2018ರ ‘ನಾಸಿರ್’ ಎಂಬ ಆಲ್ಬಮನ್ನು, ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕೆಂದಿದ್ದೇನೆ.

ಮೊದಲು ಒಂದು ಮಾತಿನ ಅರ್ಥ ತಿಳಿಯಾಗಬೇಕು. ಸಿನಿಮಾದ ಬಳಕೆಯಿಂದಾಗಿ ‘ಪ್ರೊಡ್ಯೂಸರ್’ ಎಂದೊಡನೆ ನಮಗೆ ಹಣ ಹೂಡುವ ನಿರ್ಮಾಪಕನ ನೆನಪಾಗುತ್ತದೆ. ರ‍್ಯಾಪಿನಲ್ಲಿ ಪ್ರೊಡ್ಯೂಸರ್ ಎಂದರೆ ಹಾಡಿನ ನಾದಶರೀರವನ್ನು ಕಟ್ಟುವವನು. ಹಳೆಯ ಧ್ವನಿಮುದ್ರಿಕೆಗಳಿಂದ ಪಿಯಾನೋದ ಎರಡು ಸ್ವರ, ಡ್ರಮ್ಮಿನ ಒಂದು ಪೆಟ್ಟು, ಹಾಡುಗಾರನ ಅರ್ಧ ನಿಟ್ಟುಸಿರು ಇಂಥ ತುಣುಕುಗಳನ್ನು ಕತ್ತರಿಸಿ ತೆಗೆದು, ಅವನ್ನು ಮತ್ತೆ ಮತ್ತೆ ಸುತ್ತುವಂತೆ ಜೋಡಿಸಿ, ಅದರ ಮೇಲೆ ಕವಿ ನುಡಿಯುವುದಕ್ಕೆ ನೆಲವನ್ನು ಸಿದ್ಧಮಾಡುತ್ತಾನೆ. ಈ ನೆಲಕ್ಕೆ ‘ಬೀಟ್’ ಎಂದು ಹೆಸರು. ನಮ್ಮ ಭಾವಗೀತೆಯ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ಕವಿತೆ ಮೊದಲು ಹುಟ್ಟುತ್ತದೆ. ಎಷ್ಟೋ ವರ್ಷಗಳಾದ ಮೇಲೆ ಮೈಸೂರು ಅನಂತಸ್ವಾಮಿಯವರಂಥವರೋ ಸಿ. ಅಶ್ವಥ್ ಅವರಂಥವರೋ ಅದಕ್ಕೆ ರಾಗ ಹುಡುಕುತ್ತಾರೆ. ರಾಗ ಒಗ್ಗದಿದ್ದರೂ ಪುಸ್ತಕದಲ್ಲಿ ಕವಿತೆ ಕ್ಷೇಮವಾಗಿಯೇ ಇರುತ್ತದೆ. ರ‍್ಯಾಪಿನಲ್ಲಿ ಕ್ರಮ ಸಾಮಾನ್ಯವಾಗಿ ತಿರುಗುಮುರುಗು. ನಾದ ಮೊದಲು, ನುಡಿ ಆಮೇಲೆ. ಕವಿ ಬೀಟನ್ನು ಕೇಳುತ್ತ ಅದರ ಗತಿಗೆ, ಅದರ ಬಣ್ಣಕ್ಕೆ ತಕ್ಕಂತೆ ಪದ ಹೂಡುತ್ತಾನೆ. ಹೀಗಿರುವಲ್ಲಿ ಬೀಟು ಕೆಟ್ಟರೆ ಕವಿತೆಗೆ ಓಡಿಹೋಗಲು ಬೇರೆ ಮನೆಯಿಲ್ಲ.

ನಾಸ್, ಅಂದರೆ ನಾಸಿರ್ ಜೋನ್ಸ್, ಹುಟ್ಟಿದ್ದು 1973ರಲ್ಲಿ. ತಂದೆ ಒಲು ದಾರಾ ಜಾಜ್ ಸಂಗೀತದ ಕಾರ್ನೆಟ್ ವಾದಕ. ಮಗ ಬೆಳೆದದ್ದು ನ್ಯೂಯಾರ್ಕ್ ನಗರದ ಕ್ವೀನ್ಸ್ ಬ್ರಿಜ್ ಎಂಬ ವಿಸ್ತಾರವಾದ ಸರ್ಕಾರಿ ವಸತಿ ಸಮುಚ್ಚಯದಲ್ಲಿ. ಇಪ್ಪತ್ತನೆಯ ವಯಸ್ಸಿನಲ್ಲಿ, 1994ರ ಏಪ್ರಿಲಿನಲ್ಲಿ, ಆತನ ಮೊದಲ ಆಲ್ಬಂ ‘ಇಲ್‌ಮ್ಯಾಟಿಕ್’ ಹೊರಬಂದಿತು. ಪೀಠಿಕೆಯೂ ಸೇರಿ ಹತ್ತೇ ತುಣುಕುಗಳು. ಸುಮಾರು 40 ನಿಮಿಷಗಳ ಕೃತಿ. ಆ ಇಟ್ಟಿಗೆ ಕಟ್ಟಡಗಳ ಮೆಟ್ಟಿಲು, ಬೆಂಚು, ಮಾದಕವಸ್ತುವಿನ ವ್ಯಾಪಾರ, ಸೆರೆಮನೆ ಸೇರಿದ ಗೆಳೆಯರು ಇವುಗಳನ್ನು ಕಣ್ಣಿಗೆ ಕಟ್ಟುವಂತೆ ಹೇಳಿದ ಈ ಆಲ್ಬಮನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು 2021ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣ ಭಂಡಾರಕ್ಕೆ ಸೇರಿಸಿತು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಈತನ ಹೆಸರಿನ ಸಂಶೋಧನ ವೇತನವೂ ಸ್ಥಾಪಿತವಾಯಿತು. ಛಂದಸ್ಸನ್ನು ಪಾಠ ಹೇಳುವ ನನ್ನಂಥವನಿಗೆ ಈತನಲ್ಲಿ ಮೆಚ್ಚಿಗೆಯಾಗುವುದು ಪ್ರಾಸದ ಹೆಣಿಗೆ. ನಮ್ಮ ಹಳೆಯ ಕವಿಗಳಿಗೆ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಕಡ್ಡಾಯವಾಗಿತ್ತು. ಇಂಗ್ಲಿಷ್ ಕವಿಗಳಿಗೆ ಸಾಲಿನ ಕೊನೆಯಲ್ಲಿ. ಈತ ಸಾಲಿನ ಒಡಲಲ್ಲೇ ಮೂರು ನಾಲ್ಕು ಅಕ್ಷರಗಳ ಪ್ರಾಸಗಳನ್ನು ಒಂದರೊಳಗೊಂದು ಹೆಣೆದು, ಅರ್ಥ ಕುಂಟದಂತೆ ನಡೆಸಿಬಿಡುತ್ತಾನೆ.

ಈಗ ವಿಶೇಷವನ್ನು ನೋಡಿ. ಅಷ್ಟು ಸಮನಾದ ಆ ಕೃತಿಯನ್ನು ಕಟ್ಟಿದವರು ಒಬ್ಬರಲ್ಲ. ಡಿಜೆ ಪ್ರೀಮಿಯರ್ ಮೂರು ಹಾಡುಗಳನ್ನು, ಲಾರ್ಜ್ ಪ್ರೊಫೆಸರ್ ಮೂರು ಹಾಡುಗಳನ್ನು, ಪೀಟ್ ರಾಕ್, ಕ್ಯೂ-ಟಿಪ್, ಎಲ್.ಇ.ಎಸ್. ಒಂದೊಂದನ್ನು ಕಟ್ಟಿದರು. ಪ್ರೀಮಿಯರ್ ಜಾಜ್ ಮುದ್ರಿಕೆಗಳಿಂದ ಪಿಯಾನೋದ ಕರಾಳ ಸ್ವರಗಳನ್ನು ತೆಗೆದು ನಡುರಾತ್ರಿಯ ಬೀದಿಯನ್ನು ಸೃಷ್ಟಿಸಿದ. ಪೀಟ್ ರಾಕ್ ಅಹ್ಮದ್ ಜಮಾಲನ ಪಿಯಾನೋದಿಂದ ಬೆಳಗಿನ ಬೆಳಕನ್ನು ತಂದ. ಲಾರ್ಜ್ ಪ್ರೊಫೆಸರ್ ಮೈಕೇಲ್ ಜ್ಯಾಕ್ಸನ್ನನ ಮೃದುವಾದ ಹಾಡೊಂದನ್ನು ಕಡೆದು ಗಟ್ಟಿಮಾಡಿದ. ಒಂದು ಹಾಡಿನ ಅಂಚಿನಲ್ಲಿ ತಂದೆಯ ಕಾರ್ನೆಟ್ಟೂ ಕೇಳಿಸುತ್ತದೆ. ಇಷ್ಟು ಕೈಗಳು ಕೂಡಿದರೂ ಕೃತಿ ಒಂದೇ ಮೈಯಾಗಿದೆ. ‘ಅಡಿಗೆಯವರು ಹೆಚ್ಚಾದರೆ ಅಡಿಗೆ ಕೆಟ್ಟಿತು’ ಎಂಬ ಸಾಮಾನ್ಯ ತರ್ಕ ಇಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಕಾರಣವೇನು? ಒಂದು ಕಾರಣ ಅವರ ಉಪಕರಣದಲ್ಲಿಯೇ ಇತ್ತು. ಆ ಕಾಲದ ಪ್ರೊಡ್ಯೂಸರುಗಳಿಗೆ ಪ್ರಿಯವಾಗಿದ್ದ, 1987ರಲ್ಲಿ ಬಂದ ಎಸ್‌ಪಿ-1200 ಎಂಬ ಯಂತ್ರದಲ್ಲಿ ಹಿಡಿಸುತ್ತಿದ್ದುದು ಸುಮಾರು ಹತ್ತು ಸೆಕೆಂಡುಗಳಷ್ಟು ಧ್ವನಿ ಮಾತ್ರ. ಅಷ್ಟರಲ್ಲಿಯೇ ಡ್ರಮ್ಮು, ಮಂದ್ರ, ಪಿಯಾನೋ ಎಲ್ಲವನ್ನೂ ಅಡಕಮಾಡಬೇಕು. ಬೇಡವಾದುದನ್ನು ಬಿಡುವ ಶಿಸ್ತನ್ನು ಯಂತ್ರವೇ ಕಲಿಸಿತು. ಆದರೆ ಎರಡನೆಯ ಕಾರಣ ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ. ಈ ಸಂಗೀತಗಾರರು ಒಂದೇ ನಗರದ ನೀರು ಕುಡಿದವರು. ಒಬ್ಬರ ಕೆಲಸವನ್ನು ಮತ್ತೊಬ್ಬರು ಬಲ್ಲವರು. 1991ರಲ್ಲಿ, ಕವಿಗೆ ಹದಿನೇಳು ಹದಿನೆಂಟು ವಯಸ್ಸಾಗಿದ್ದಾಗಲೇ, ಲಾರ್ಜ್ ಪ್ರೊಫೆಸರ್ ತನ್ನ ತಂಡದ ಹಾಡೊಂದರಲ್ಲಿ ಆತನಿಗೆ ಮೊದಲ ಅವಕಾಶ ಕೊಟ್ಟಿದ್ದ. ಆಲ್ಬಂ ಬಂದದ್ದು ಅದಾದ ಮೂರು ವರ್ಷಗಳ ಮೇಲೆ. ಆ ಕಂಠದ ಏರಿಳಿತ, ಉಸಿರಿನ ಉದ್ದ, ಮಾತು ಎಲ್ಲಿ ನಿಲ್ಲುತ್ತದೆಂಬುದು ಅವರಿಗೆ ಪರಿಚಿತವಾಗಿತ್ತು. ಕೈಗಳು ಐದಾದರೂ ಕಿವಿ ಒಂದೇ ಆಗಿತ್ತೆಂದರೆ ತಪ್ಪಾಗಲಾರದು.

ಮುಂದಿನ ಕಥೆ ಏರುಪೇರಿನದು. 1996ರ ‘ಇಟ್ ವಾಸ್ ರಿಟನ್’ ಆಲ್ಬಮಿನಲ್ಲಿ ಟ್ರ್ಯಾಕ್‌ಮಾಸ್ಟರ್ಸ್ ಎಂಬ ಜೋಡಿ ಆತನ ಧ್ವನಿಗೆ ನುಣುಪಾದ ಹೊದಿಕೆ ಹೊದಿಸಿತು. ಜನ ಬಹಳವಾಗಿ ಕೊಂಡರು; ಮೊದಲ ಆಲ್ಬಮಿನ ಭಕ್ತರು ಮೂಗು ಮುರಿದರು. 1999 ಇನ್ನೂ ಸಂಕಟದ ವರ್ಷ. ‘ಐ ಆ್ಯಮ್’ ಎಂಬ ಆಲ್ಬಮನ್ನು ಎರಡು ಸಂಪುಟಗಳಾಗಿ ತರುವ ಯೋಚನೆಯಿತ್ತು. ಆದರೆ ಹಾಡುಗಳು ಬಿಡುಗಡೆಗೆ ಮೊದಲೇ ಕಳವಾಗಿ ಇಂಟರ್ನೆಟ್ಟಿನಲ್ಲಿ ಹರಡಿಬಿಟ್ಟವು. ಹೊರಬಿದ್ದ ಹಾಡುಗಳಲ್ಲಿ ಹಲವನ್ನು ಬದಿಗಿಟ್ಟು ಏಪ್ರಿಲಿನಲ್ಲಿ ಒಂದು ಆಲ್ಬಂ, ಅದೇ ವರ್ಷದ ನವೆಂಬರಿನಲ್ಲಿ ‘ನಾಸ್ಟ್ರಡೇಮಸ್’ ಎಂಬ ಮತ್ತೊಂದು ಆಲ್ಬಂ ಅವಸರವಸರವಾಗಿ ಬಂದವು. ಎರಡನೆಯದನ್ನು ಆತನ ಅಭಿಮಾನಿಗಳೂ ಸಮರ್ಥಿಸಲಾರರು. ಇದರಲ್ಲಿನ ವ್ಯಂಗ್ಯ ತಿಳಿದದ್ದು 2002ರಲ್ಲಿ. ಹೀಗೆ ಬದಿಗೆ ಬಿದ್ದಿದ್ದ ಹಾಡುಗಳಲ್ಲಿ ಕೆಲವನ್ನು ‘ದಿ ಲಾಸ್ಟ್ ಟೇಪ್ಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದಾಗ, ಕಸವೆಂದು ಕೊಟ್ಟಿಗೆಗೆ ಎಸೆದದ್ದರಲ್ಲಿಯೇ ರತ್ನಗಳಿದ್ದುವೆಂಬುದು ಎಲ್ಲರಿಗೂ ಗೊತ್ತಾಯಿತು. ಕವಿಯ ಶಕ್ತಿ ಕುಂದಿರಲಿಲ್ಲ. ಆಯ್ಕೆಯ ವಿವೇಕಕ್ಕೆ ಬೇಕಾದ ಬಿಡುವು ಇರಲಿಲ್ಲ.

‘ನಾಸನಿಗೆ ಬೀಟು ಆರಿಸುವ ಕಿವಿಯಿಲ್ಲ’ ಎಂಬ ಅಪವಾದ ಬೇರೂರಿದ್ದು ಈ ಕಾಲದಲ್ಲಿ. ಪ್ರತಿಸ್ಪರ್ಧಿಯಾದ ಜೇ-ಝೀ 2001ರ ‘ಟೇಕ್‌ಓವರ್’ ಎಂಬ ಹಾಡಿನಲ್ಲಿ ಹತ್ತು ವರ್ಷಕ್ಕೊಂದು ಒಳ್ಳೆಯ ಆಲ್ಬಂ ಎಂಬ ಲೆಕ್ಕ ಹಾಕಿ ಈತನನ್ನು ಮೂದಲಿಸಿದ. ಆ ಮೂದಲಿಕೆಯ ಹಾಡಿಗೆ ಬೀಟು ಕಟ್ಟಿದವನು ಆಗಿನ್ನೂ ಹೆಸರು ಮಾಡುತ್ತಿದ್ದ ಕಾನ್ಯೆ ವೆಸ್ಟ್. ನಾಸ್ ಅದೇ ವರ್ಷ ‘ಈಥರ್’ ಎಂಬ ಹಾಡಿನಿಂದ ಉತ್ತರ ಕೊಟ್ಟ. ಅದರ ಬೀಟು ಕಟ್ಟಿದವನು ರಾನ್ ಬ್ರೌಜ್ ಎಂಬ, ಹೆಚ್ಚು ಜನರಿಗೆ ಗೊತ್ತಿಲ್ಲದ ಯುವಕ. ಆ ಹಾಡು ಎಷ್ಟು ಪ್ರಸಿದ್ಧವಾಯಿತೆಂದರೆ, ಎದುರಾಳಿಯನ್ನು ಮಾತಿನಲ್ಲಿ ಸುಟ್ಟುಬಿಡುವುದಕ್ಕೆ ಅದರ ಹೆಸರೇ ಕ್ರಿಯಾಪದವಾಯಿತು. ಹೆಸರಾಂತ ಪ್ರೊಡ್ಯೂಸರನೇ ಬೇಕೆಂಬ ನಿಯಮವೂ ಇಲ್ಲವೆಂದಾಯಿತು.

ಹದಿನೇಳು ವರ್ಷಗಳ ಮೇಲೆ ಅದೇ ಕಾನ್ಯೆ ವೆಸ್ಟ್ (2021ರಿಂದ ಈತನ ಹೆಸರು ‘ಯೇ’) ನಾಸನಿಗಾಗಿ ಇಡೀ ಆಲ್ಬಮನ್ನೇ ಕಟ್ಟಲು ಮುಂದಾದ. ಆ ಹೊತ್ತಿಗೆ ಆತ ರ‍್ಯಾಪ್ ಲೋಕದ ಅತಿ ಪ್ರಭಾವಶಾಲಿ ಸಂಗೀತಗಾರರಲ್ಲೊಬ್ಬ. 2018ರ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಐದು ವಾರ, ವಾರಕ್ಕೊಂದರಂತೆ ಐದು ಆಲ್ಬಂಗಳನ್ನು ಬಿಡುಗಡೆ ಮಾಡುವುದಾಗಿ ಘೋಷಿಸಿ, ವಯೋಮಿಂಗ್ ರಾಜ್ಯದ ಬೆಟ್ಟಗಳ ನಡುವೆ ಕಾರ್ಖಾನೆ ತೆರೆದ. ಪುಷಾ ಟಿ, ಸ್ವತಃ ಕಾನ್ಯೆ, ಕಿಡ್ ಕಡಿಯೊಡನೆ ಜಂಟಿ ಕೃತಿ, ನಾಸ್, ಟೆಯಾನ ಟೇಲರ್ ಇದು ಸರದಿ. ನಾಸನ ಆಲ್ಬಮಿಗೆ ಜೂನ್ 15 ಎಂಬ ದಿನಾಂಕವನ್ನು ಏಪ್ರಿಲಿನಲ್ಲಿಯೇ ಜಗತ್ತಿಗೆ ಸಾರಿಯಾಗಿತ್ತು. ಲಗ್ನಪತ್ರಿಕೆ ಮೊದಲು ಅಚ್ಚಾಗಿ ವಧುವರಾನ್ವೇಷಣೆ ಆಮೇಲೆ ನಡೆದಂತಾಯಿತು. ಏಳು ಹಾಡುಗಳು, ಸುಮಾರು 26 ನಿಮಿಷ. ಮೈಕ್ ಡೀನ್ ಮೊದಲಾದ ಸಹಾಯಕರು ಇದ್ದರೂ ಕರ್ತೃತ್ವ ಒಬ್ಬನದೇ. ಬಹುಕಾಲದಿಂದ ಜನ ಬೇಡುತ್ತಿದ್ದುದು ಇದನ್ನೇ: ಒಬ್ಬ ದೊಡ್ಡ ಪ್ರೊಡ್ಯೂಸರ್, ಒಂದು ಏಕರೂಪದ ಆಲ್ಬಂ. ಆದರೂ ‘ನಾಸಿರ್’ ಏರುಪೇರಿನ ಕೃತಿಯೇ ಆಯಿತು.

ಏರು ಎಲ್ಲಿದೆಯೆಂಬುದನ್ನು ಮೊದಲು ಹೇಳುವುದು ನ್ಯಾಯ. ‘ಆ್ಯಡಂ ಆ್ಯಂಡ್ ಈವ್’ ಎಂಬ ಹಾಡಿನಲ್ಲಿ ಇರಾನಿನ ಗಾಯಕ ಕೂರೋಶ್ ಯಗ್ಮಾಯಿಯ ಹಳೆಯ ಹಾಡಿನ ಸ್ವರಗಳು ತೊಟ್ಟಿಲಿನಂತೆ ತೂಗುತ್ತವೆ. ತಂದೆಯ ಪಾಪ ಮಕ್ಕಳಿಗೆ ಇಳಿಯುವ ಬಗೆಯನ್ನು ಕುರಿತು ಕವಿ ನಿರಾಳವಾಗಿ, ತನ್ನ ಹಳೆಯ ಬಿಗಿಯಲ್ಲಿ, ನುಡಿಯುತ್ತಾನೆ. ಬೀಟಿನ ಸಂಕಟವೂ ಮಾತಿನ ಸಂಕಟವೂ ಅಲ್ಲಿ ಒಂದಾಗಿವೆ. ಈ ಒಂದು ಹಾಡು ಸಾಕು, ಈ ಇಬ್ಬರ ಕೂಟ ಅಸಾಧ್ಯವಾದುದಲ್ಲವೆಂದು ಸಾಧಿಸುವುದಕ್ಕೆ. ‘ಬೋಂಜೂರ್’ ಎಂಬ ಇನ್ನೊಂದು ಹಾಡಿನಲ್ಲಿ ನಮ್ಮ ಆರ್. ಡಿ. ಬರ್ಮನ್ನರ ಸಂಗೀತದ ತುಣುಕನ್ನು ಬಳಸಿದೆ. ತುಣುಕು ಸೊಗಸಾಗಿದೆ, ಆದರೆ ಅದರ ಮೇಲೆ ಬರುವ ಮಾತು ವಿಹಾರ, ವೈಭವ, ಭೋಜನಗಳ ಪಟ್ಟಿಯಾಗಿ ಹರಡಿಹೋಗುತ್ತದೆ. ಸಂಗೀತ ಕೊಟ್ಟ ಸಲುಗೆಯನ್ನು ಕವಿ ಸೋಮಾರಿತನಕ್ಕೆ ಬಳಸಿಕೊಂಡಿದ್ದಾನೆ.

‘ಕಾಪ್ಸ್ ಷಾಟ್ ದ ಕಿಡ್’ ಎಂಬ ಹಾಡು ಹೆಚ್ಚಿನ ವಿಚಾರಕ್ಕೆ ಅರ್ಹವಾದುದು. ಪೊಲೀಸರ ಗುಂಡಿಗೆ ಬಾಲಕನು ಬಲಿಯಾಗುವ ಘೋರ ವಿಷಯ. ಅಮೆರಿಕದ ಕರಿಯ ಜನರ ಮನೆಗಳಲ್ಲಿ ಇದು ಕಟ್ಟುಕಥೆಯಲ್ಲ. ಹಿಂದಿನ ತಲೆಮಾರಿನ ರ‍್ಯಾಪ್ ಕಥನಕಾರ ಸ್ಲಿಕ್ ರಿಕ್‌ನ ಹಾಡಿನಿಂದ ಒಂದು ನುಡಿಯನ್ನು ಕಿತ್ತು, ಪ್ರೊಡ್ಯೂಸರ್ ಅದನ್ನು ಹಾಡಿನುದ್ದಕ್ಕೂ ಬಿಡದೆ ಬಡಿಯುತ್ತಾನೆ. ಕಲ್ಪನೆ ದೊಡ್ಡದು: ಸುದ್ದಿ ಎಂದೂ ನಿಲ್ಲುವುದಿಲ್ಲ, ನಾವು ಕಿವಿ ಮುಚ್ಚಿದರೂ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಆದರೆ ಆ ಬಡಿತ ಕವಿಗೆ ಉಸಿರಾಡಲು ಎಡೆ ಕೊಡುವುದಿಲ್ಲ. ಈತನ ಶಕ್ತಿಯಿರುವುದು ವಿವರಗಳಲ್ಲಿ, ಸಾವಧಾನವಾದ ಚಿತ್ರಣದಲ್ಲಿ. ಘೋಷಣೆಯ ಗದ್ದಲದಲ್ಲಿ ಚಿತ್ರಕಾರನ ಕುಂಚ ಏನು ಮಾಡೀತು? ಒಂದು ಪದ್ಯ ಮುಗಿಯುವಷ್ಟರಲ್ಲಿ ಪ್ರೊಡ್ಯೂಸರ್ ತಾನೇ ಮುಂದೆ ಬಂದು ಮುಂದಿನ ಪದ್ಯವನ್ನು ನುಡಿಯುತ್ತಾನೆ. ಗುಲಾಮಗಿರಿ ಕರಿಯರ ಆಯ್ಕೆಯಾಗಿತ್ತೆಂಬ ಅರ್ಥದ ಮಾತನ್ನಾಡಿ ಆತ ಎಲ್ಲೆಡೆ ರೋಷವೆಬ್ಬಿಸಿದ್ದು ಅದೇ ವರ್ಷದ ಮೇ ಮೊದಲ ದಿನ. ಆ ಮಾತಿನ ಪ್ರತಿಧ್ವನಿ ಅಡಗುವ ಮೊದಲೇ ಈ ಹಾಡು ಬಂದಿತು. ಕೇಳುವವನು ಯಾರನ್ನು ನಂಬಬೇಕು?

ಇನ್ನೊಂದು ದೋಷ ಇದಕ್ಕಿಂತ ಗುರುತರವಾದುದು. ಮೊದಲ ಹಾಡಾದ ‘ನಾಟ್ ಫಾರ್ ರೇಡಿಯೋ’ದಲ್ಲಿ ಮುಚ್ಚಿಟ್ಟ ಚರಿತ್ರೆಯನ್ನು ಬಿಚ್ಚಿಡುವ ಗಂಭೀರ ಭಂಗಿಯಿದೆ. ಆ ಭಂಗಿಯಲ್ಲಿ ಹೇಳುವ ಸಂಗತಿಗಳಲ್ಲಿ ಫಾಕ್ಸ್ ನ್ಯೂಸ್ ವಾಹಿನಿಯ ಸ್ಥಾಪಕನು ಕರಿಯನೆಂಬುದೂ ಒಂದು. ಆ ವಾಹಿನಿಯನ್ನು 1996ರಲ್ಲಿ ಆರಂಭಿಸಿದವನು ರೂಪರ್ಟ್ ಮರ್ಡಾಕ್ ಎಂಬುದು ಸರ್ವವಿದಿತ. ಏಳೂವರೆ ನಿಮಿಷಗಳಷ್ಟು ಹರಡಿಕೊಂಡಿರುವ ‘ಎವ್ವೆರಿಥಿಂಗ್’ ಎಂಬ ಹಾಡಿನಲ್ಲಿ ಮಕ್ಕಳಿಗೆ ಲಸಿಕೆ ಹಾಕಿಸುವುದರ ಬಗೆಗೆ ನಿರಾಧಾರವಾದ ಸಂಶಯ ಇಣುಕುತ್ತದೆ. ಸಂಗೀತವೋ ಭವ್ಯ, ಮಾತೋ ಹುಸಿ. ಭವ್ಯತೆ ಹುಸಿಗೆ ಬೆಂಬಲವಾಗಿ ನಿಲ್ಲುವುದು ಅಪಾಯಕರ. ನಿಜವಾದ ಅನ್ಯಾಯದ ನೆನಪುಗಳಿಗೇನು ಕೊರತೆಯೇ? ಅವುಗಳ ಮಗ್ಗುಲಲ್ಲಿ ಹುಸಿಯನ್ನು ನಿಲ್ಲಿಸಿದರೆ ನಿಜವೂ ಸಾಕ್ಷ್ಯದ ಬಲವನ್ನು ಕಳೆದುಕೊಳ್ಳುತ್ತದೆ. ಕ್ವೀನ್ಸ್ ಬ್ರಿಜ್ಜಿನ ಇಪ್ಪತ್ತರ ಹುಡುಗನ ಮಾತನ್ನು ಜನ ನಂಬಿದ್ದು ಆತ ಕಂಡದ್ದನ್ನೇ ಹೇಳುತ್ತಿದ್ದನೆಂಬ ಕಾರಣದಿಂದ.

‘ಈ ಸಾಲು ಬೇಡ’ ಎಂದು ಹೇಳಬಲ್ಲವನು ಆ ಕೋಣೆಯಲ್ಲಿ ಇರಲಿಲ್ಲವೆ? ನನ್ನ ವಿಚಾರವೆಲ್ಲ ಈ ಪ್ರಶ್ನೆಯ ಸುತ್ತ ತಿರುಗುತ್ತಿದೆ. ಎಲಿಯಟ್ಟನ ‘ದಿ ವೇಸ್ಟ್ ಲ್ಯಾಂಡ್’ 1922ರಲ್ಲಿ ಬೆಳಕು ಕಾಣುವ ಮೊದಲು ಎಜ್ರಾ ಪೌಂಡ್ ಅದರ ಹಸ್ತಪ್ರತಿಯ ಮೇಲೆ ನಿರ್ದಾಕ್ಷಿಣ್ಯವಾಗಿ ಗೀಟು ಹಾಕಿದನೆಂಬುದು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಪೌಂಡನು ಆ ಕಾವ್ಯಕ್ಕೆ ತನ್ನ ಕಂಠವನ್ನು ಸೇರಿಸಲಿಲ್ಲ. ಎಲಿಯಟ್ಟನ ಕಂಠ ಎಲ್ಲಿದೆಯೆಂದು ಗುರುತಿಸಿ, ಅದಲ್ಲದ್ದನ್ನು ತೆಗೆದ. ಒಳ್ಳೆಯ ಪ್ರೊಡ್ಯೂಸರ್ ಮಾಡಬೇಕಾದ ಕೆಲಸವೂ ಇದೇ. ಅವನು ಬರಿಯ ತಾಳಗಾರನಲ್ಲ, ಸಂಪಾದಕ. ಕವಿಗೆ ಏನು ಒಪ್ಪುತ್ತದೆ, ಏನು ಒಪ್ಪುವುದಿಲ್ಲವೆಂಬ ವಿವೇಕಕ್ಕೆ ನಮ್ಮ ಆಲಂಕಾರಿಕರು ಔಚಿತ್ಯವೆಂದು ಹೆಸರಿಟ್ಟರು. ಕ್ಷೇಮೇಂದ್ರನು ಅದನ್ನೇ ಕಾವ್ಯದ ಪ್ರಾಣವೆಂದು ಎಣಿಸಿದನು. ಸೊಂಟದ ಪಟ್ಟಿ ಎಷ್ಟೇ ಬೆಲೆಯುಳ್ಳದ್ದಾದರೂ ಕೊರಳಿಗೆ ಕಟ್ಟಿದರೆ ನಗೆಗೀಡು. ‘ನಾಸಿರ್’ ಆಲ್ಬಮಿನ ಬೀಟುಗಳಲ್ಲಿ ಹಲವು ಬೆಲೆಯುಳ್ಳವೇ. ಅವು ಕೊರಳು ಬಲ್ಲವರು ಮಾಡಿದ ಒಡವೆಗಳಲ್ಲ.

ಆದರೆ ಎಲ್ಲ ತಪ್ಪನ್ನೂ ಐದು ವಾರಗಳ ಅವಸರದ ಮೇಲೆ ಹೊರಿಸಬಹುದೆ? ಒಂದು ಆಕ್ಷೇಪವಿದೆ, ಅದು ಗಟ್ಟಿಯಾದುದೇ. ಅದೇ ಸರಣಿಯ ಮೊದಲ ಆಲ್ಬಂ, ಪುಷಾ ಟಿಯ ‘ಡೇಟೋನಾ’, ಅದೇ ಪ್ರೊಡ್ಯೂಸರನದು. ಅದರಲ್ಲಿಯೂ ಏಳೇ ಹಾಡುಗಳು. ಅದನ್ನು ವಿಮರ್ಶಕರು ಬಹುವಾಗಿ ಹೊಗಳಿದರು. ಗ್ರ್ಯಾಮಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿಯೂ ಅದು ಸೇರಿತು. ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಿಲ್ಲ, ಬಲಪಡಿಸುತ್ತದೆ. ಪುಷಾ ಟಿ ಕಾನ್ಯೆಯ ಸಂಸ್ಥೆಗೆ ಸೇರಿದ್ದು 2010ರಲ್ಲಿ. 2015ರಿಂದ ಅದರ ಅಧ್ಯಕ್ಷನೂ ಆಗಿದ್ದ. ಎಂಟು ವರ್ಷಗಳ ಒಡನಾಟದಲ್ಲಿ ಪ್ರೊಡ್ಯೂಸರನಿಗೆ ಆ ಕಂಠದ ಒಳಹೊರಗು ತಿಳಿದಿತ್ತು. ಬೇಡವೆನ್ನುವ ಸಲುಗೆ ಇಬ್ಬರಿಗೂ ಇತ್ತು. ಐದು ವಾರಗಳ ಹಿಂದೆ ಎಂಟು ವರ್ಷಗಳಿದ್ದುವು. ನಾಸನ ಪಾಲಿಗೆ ಬಂದದ್ದು ವಾರಗಳು ಮಾತ್ರ.

ಮುಂದೆ ನಡೆದದ್ದು ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸಿತು. 2020ರಲ್ಲಿ ನಾಸ್ ಕ್ಯಾಲಿಫೋರ್ನಿಯಾದ ಹಿಟ್-ಬಾಯ್ ಎಂಬ, ತನಗಿಂತ ಹದಿನಾಲ್ಕು ವರ್ಷ ಕಿರಿಯನಾದ ಪ್ರೊಡ್ಯೂಸರನೊಡನೆ ಕುಳಿತ. ಸ್ವಾರಸ್ಯವೆಂದರೆ ಈತನೂ ಒಂದು ಕಾಲದಲ್ಲಿ ಕಾನ್ಯೆಯ ಸಂಸ್ಥೆಯಲ್ಲಿ ದುಡಿದವನು. ಅವರ ಮೊದಲ ಕೃತಿ ‘ಕಿಂಗ್ಸ್ ಡಿಸೀಸ್’ 2021ರಲ್ಲಿ ನಾಸನಿಗೆ ಮೊದಲ ಗ್ರ್ಯಾಮಿಯನ್ನು ತಂದಿತು. 2023ರ ಸೆಪ್ಟೆಂಬರಿನಲ್ಲಿ, ಕವಿಯ ಐವತ್ತನೆಯ ಹುಟ್ಟುಹಬ್ಬದ ದಿನ, ‘ಮ್ಯಾಜಿಕ್ 3’ ಬರುವ ಹೊತ್ತಿಗೆ ಇಬ್ಬರೂ ಆರು ಆಲ್ಬಂಗಳನ್ನು ಮುಗಿಸಿದ್ದರು. ವೇಗವೇ ದೋಷವೆನ್ನುವವರಿಗೆ ಇದು ಉತ್ತರ. ಆರರಲ್ಲಿ ಒಂದೂ ‘ಇಲ್‌ಮ್ಯಾಟಿಕ್’ ಆಗಲಿಲ್ಲ, ನಿಜ. ಕೆಲವೆಡೆ ಒಂದೇ ಬಗೆಯ ನಡಿಗೆ ಬೇಸರ ತರಿಸುವುದೂ ಉಂಟು. ಆದರೆ ಮೊದಲನೆಯದಕ್ಕಿಂತ ಎರಡನೆಯದು, ಎರಡನೆಯದಕ್ಕಿಂತ ಮೂರನೆಯದು ಹೆಚ್ಚು ಸಲೀಸಾದವು. ಹಿಟ್-ಬಾಯ್ ತನ್ನ ಪಾಂಡಿತ್ಯವನ್ನು ಮೆರೆಸಲು ಹೋಗಲಿಲ್ಲ. ವಯಸ್ಸಾದ ಕಂಠಕ್ಕೆ ಎಷ್ಟು ಅಗಲದ ಹಾದಿ ಬೇಕೋ ಅಷ್ಟನ್ನು ಕಡಿದುಕೊಟ್ಟ. ಇಲ್ಲಿ ವೇಗ ಹುಟ್ಟಿದ್ದು ಪರಿಚಯದಿಂದ. ಅಲ್ಲಿ ಹುಟ್ಟಿದ್ದು ಪಂಚಾಂಗದಿಂದ.

ಹಾಗಾದರೆ ಕವಿ ನಿರಪರಾಧಿಯೆ? ಖಂಡಿತ ಅಲ್ಲ. ನಲವತ್ತು ದಾಟಿದ, ನಾಲ್ಕು ಮಾರ್ಗ ಕಂಡ ಕವಿ ತನ್ನ ಹೆಸರನ್ನೇ ಮುಡಿಸಿದ ಕೃತಿಯನ್ನು ಪರರ ವೇಳಾಪಟ್ಟಿಗೆ ಒಪ್ಪಿಸಬಾರದಾಗಿತ್ತು. ಫಾಕ್ಸ್ ನ್ಯೂಸಿನ ಸಾಲನ್ನು ಬರೆದವನು ಪ್ರೊಡ್ಯೂಸರನಲ್ಲ. ಸಂಪಾದಕನಿಲ್ಲದ ಕಡೆ ಕವಿ ತಾನೇ ಸಂಪಾದಕನಾಗಬೇಕು. ಆಗದಿದ್ದರೆ ಅದು ಅವನ ದೋಷ. ಆದರೆ ‘ನಾಸನಿಗೆ ಕಿವಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಮೂರು ದಶಕಗಳ ಏರುಪೇರನ್ನು ಮುಗಿಸಿಬಿಡುವುದು ವಿಮರ್ಶೆಯಲ್ಲ. ಐವರು ಕಟ್ಟಿದ ಆಲ್ಬಂ ಸಮನಾಯಿತು, ಒಬ್ಬನು ಕಟ್ಟಿದ್ದು ಏರುಪೇರಾಯಿತು, ಮತ್ತೊಬ್ಬನು ಕಟ್ಟಿದ ಆರು ಸಮನಾದವು. ಕೈಗಳ ಸಂಖ್ಯೆಯಾಗಲಿ ಹೆಸರಿನ ಗಾತ್ರವಾಗಲಿ ಇದನ್ನು ವಿವರಿಸಲಾರವು. ಆ ಕೈಗಳು ಈ ಕಂಠವನ್ನು ಎಷ್ಟು ಕಾಲ ಕೇಳಿದ್ದುವೆಂಬುದು ವಿವರಿಸೀತು.

ಈ ವಿಚಾರ ನಮಗೆ ಕೇವಲ ದೂರದ ಸುದ್ದಿಯಲ್ಲ. ಇಂದು ಬೆಂಗಳೂರಿನಲ್ಲಿಯೂ ಬೇರೆ ಊರುಗಳಲ್ಲಿಯೂ ಹುಡುಗರು ಕನ್ನಡದಲ್ಲಿ ರ‍್ಯಾಪ್ ಕಟ್ಟುತ್ತಿದ್ದಾರೆ. ಮುಖ ಕಾಣದ ಯಾರೋ, ಯಾವ ಕಂಠಕ್ಕೆಂದು ತಿಳಿಯದೆ, ಮಾಡಿಟ್ಟ ಬೀಟು ಇಂಟರ್ನೆಟ್ಟಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಂದು ಸಂಜೆಯಲ್ಲಿ ಅದರ ಮೇಲೆ ಹಾಡು ಹೊಸೆಯಬಹುದು. ದೀರ್ಘ, ಹ್ರಸ್ವ, ಒತ್ತಕ್ಷರಗಳ ನಮ್ಮ ನುಡಿಗೆ ತನ್ನದೇ ಆದ ಗತಿಯಿದೆ. ಅದನ್ನು ಇಂಗ್ಲಿಷಿನ ಗತಿಗೆಂದು ಹೊಲಿದ ಅಂಗಿಯೊಳಗೆ ತುರುಕಿದರೆ ಹೊಲಿಗೆ ಬಿಚ್ಚುವುದು ನುಡಿಯ ಕಡೆಯಿಂದಲೇ. ಪ್ರೀಮಿಯರ್ ಮತ್ತು ನಾಸ್ ಒಂದು ಇಡೀ ಆಲ್ಬಮಿನ ಮಾತನ್ನು ಬಹಿರಂಗವಾಗಿ ಆಡಿ ಸುಮಾರು ಎರಡು ದಶಕಗಳಾದ ಮೇಲೆ ಅದು ಕೈಗೂಡಿತು. ಅಷ್ಟು ಕಾಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ನುಡಿಯಬಯಸುವ ಹುಡುಗನಿಗೆ ಬೇಕಾದುದು ಬೆಲೆಯುಳ್ಳ ಬೀಟಿಗಿಂತ ಮೊದಲು, ಎದುರು ಕುಳಿತು ಅವನ ಕನ್ನಡವನ್ನು ಕೇಳಿ, ‘ಇದು ನಿನ್ನ ದನಿಯಲ್ಲ, ಮತ್ತೆ ಬರೆ’ ಎನ್ನುವ ಒಬ್ಬ ಗೆಳೆಯ.